ಕಿವಿ ಚುಚ್ಚುವ ದಿನ ಬಾರದ ಮಾವ

ಅಪ್ಪಾ,

‘ತೀರ್ಥರೂಪು’ ಅಂತ ಬರೆದು ಅಡ್ಡಗೆರೆ ಎಳೆದೆ. ಕೈ ಬರಲಿಲ್ಲ. ನೀನು ಬದುಕಿದ್ದಾಗ ನಿನ್ನೆದುರು ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಹೋಗಿ ಮೂರು ವರ್ಷವಾಯಿತು, ಈಗ ಎದ್ದು ಬಂದು ಗದರುವ ಹಾಗಿಲ್ಲವಲ್ಲ, ಕೇಳು. ನಿನ್ನ ಮಗ ಮಹೇಶ ನಿನ್ನೆ ಬನ್ನೂರಿಗೆ, ನನ್ನ ಮನೆಗೆ, ಹೆಣ್ಣು ಕೇಳಲು ಬಂದಿದ್ದ. ಯಾರನ್ನ ಅಂತೀಯಾ? ನನ್ನ ಚಿಕ್ಕ ಮಗಳನ್ನ. ಹೌದು, ಅವಳನ್ನೇ.

ಅವಳು ಹೊಟ್ಟೆಯಲ್ಲಿದ್ದಾಗ ನಾಲ್ಕನೇ ತಿಂಗಳಲ್ಲಿ ನೀನೇ ಬಂದು ಕರೆದೆ, ನೆನಪಿದೆಯಾ? “ಬಾವ್ವ, ತವರಲ್ಲಿ ನಾಕ್ ದಿನ ಇದ್ದು ಓಗೀಯಂತೆ” ಅಂದೆ. ನಂಜನಗೂಡಿನಲ್ಲಿ ಇಳಿದ ಮೇಲೆ ನಮ್ಮೂರು ಹೆಡತಲೆಯ ಬಸ್ಸು ಹತ್ತಿಸಲಿಲ್ಲ, ಬೇರೆ ಯಾವುದೋ ಊರಿನದು ಹತ್ತಿಸಿದೆ. ಅಲ್ಲಿ ಕರೆದುಕೊಂಡು ಹೋದ ಸ್ಕ್ಯಾನಿಂಗ್ ಕೋಣೆಯ ಬೆಂಚಿನ ಮೇಲೆ ನಮ್ಮ ಬೀದಿಯವರೇ ಇಬ್ಬರು ಹೆಂಗಸರು ಸೆರಗು ಹೊದ್ದು ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗೆ ಬಂದು ನೀನು, “ಇದೂ ಎಣ್ಣೇ ಕಣವ್ವ. ಸೋಮಾರ ತೆಗ್ಸ್‌ಬುಡವ. ಎಲ್ರೂ ಮಾಡುಸ್ತಾವ್ರೆ. ನಾಳೆ ಎಡೆ ಇಕ್ಕಾಕೆ ಗಂಡು ಬ್ಯಾಡ್ವಾ?” ಅಂದೆ. ಎಷ್ಟು ಸಲೀಸಾಗಿ ಅಂದೆಯಪ್ಪ! ಸೋಮವಾರ ಮತ್ತೆ ಹೊರಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ನೀನು ಟೀ ತರಲು ಹೋದಾಗ ನಾನು ಗಂಡನ ಮನೆ ಕಡೆಯ ನರಸೀಪುರದ ಬಸ್ಸು ಹತ್ತಿಬಿಟ್ಟೆ. ಬಸ್ಸು ಹೊರಟಾಗ ನೀನು ಎರಡು ಲೋಟ ಹಿಡಿದು ನಿಂತಿದ್ದೆ. ಇದೂ ಹೆಣ್ಣೆಂದು ಗೊತ್ತಾದರೂ ನನ್ನ ಗಂಡ ಒಂದೇ ಒಂದು ಕಟು ಮಾತು ಆಡಲಿಲ್ಲ. ಹೆತ್ತ ಅಪ್ಪನಿಗಿಂತ ಆತನೇ ವಾಸಿ.

ಅವಳ ಕಿವಿ ಚುಚ್ಚಿಸಿದ ದಿನ ಮಧ್ಯಾಹ್ನದವರೆಗೂ ಕಾದೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕಲ್ಲ! ಅಕ್ಕಸಾಲಿ ಎರಡು ಸಲ ಕೇಳಿದ, “ಎಲ್ಲವ್ವ ನಿನ್ ತಮ್ಮ?” ಅಂತ. ನೀನು ಮಹೇಶನಿಗೆ ಹೇಳಿದ್ದು ಆಮೇಲೆ ಗೊತ್ತಾಯಿತು. “ಆ ಮಗೀನ ತೊಡೆ ಮ್ಯಾಲೆ ಕೂರುಸ್ಕಂಡ್ರೆ ನನ್ ಒಸ್ಲು ತುಳೀಬ್ಯಾಡ ಕಣ್ಲಾ.” ಕೊನೆಗೆ ನನ್ನ ತೊಡೆಯ ಮೇಲೆಯೇ ಕೂರಿಸಿಕೊಂಡೆ. ಮಗು ಕಿರುಚಿತು. ಬಂದ ನೆಂಟರು ಗುಸುಗುಸು ಅಂದರು. ಆವತ್ತು ನಾನು ನಿನಗೆ ಹಾಕಿದ ಶಾಪ ಬರೆದರೆ ಈ ಕಾಗದ ಸಾಲದು.

ನಿನ್ನ ಬೀದಿ ಈಗ ಹೇಗಿದೆ ಗೊತ್ತಾ? ಗಂಡು ಗಂಡು ಅಂತ ಹೆತ್ತಿರಲ್ಲ, ಆ ಗಂಡುಗಳೆಲ್ಲ ಮೂವತ್ತು, ನಲವತ್ತು ದಾಟಿ ಮದುವೆಯಿಲ್ಲದೆ ಜಗಲಿ ಮೇಲೆ ಕೂತಿವೆ. ಹುಟ್ಟಿದ ನಾಲ್ಕಾರು ಹೆಣ್ಣುಮಕ್ಕಳು ಓದಿಕೊಂಡು ಮೈಸೂರು ಸೇರಿದರು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದರೆ ಮೊದಲು ಬಚ್ಚಲು ನೋಡುತ್ತಾರಂತೆ, ಕಾಫಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರಂತೆ. ಅಂಗನವಾಡಿಯಲ್ಲಿ ಮಕ್ಕಳಿಲ್ಲ ಅಂತ ಪಕ್ಕದ ಊರಿನದಕ್ಕೆ ಸೇರಿಸಿದರು. ಹಾಲು ಕರೆಯುವವರಿಲ್ಲದೆ ಹಸುಗಳನ್ನು ಮಾರಿದರು, ಡೈರಿಗೆ ಹಾಲು ಹಾಕುವ ಸಾಲು ಕರಗಿತು. ನಾಟಿಗೆ ಹೆಣ್ಣಾಳೇ ಇಲ್ಲ. ಬಂಗಾಳದಿಂದ ಬಂದ ಗಂಡಾಳುಗಳು ನಿನ್ನ ಗದ್ದೆಯಲ್ಲಿ ಬಗ್ಗಿ ಪೈರು ನೆಡುತ್ತಾರೆ. ಇದನ್ನೆಲ್ಲ ಕೇಳಿದಾಗ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಸುಳ್ಳೇಕೆ ಹೇಳಲಿ? ಆ ಬೆಂಚಿನ ಮೇಲೆ ಕೂತಿದ್ದವರ ಹೊಟ್ಟೆಯಲ್ಲಿದ್ದವರು ಬದುಕಿದ್ದಿದ್ದರೆ…

ನಿನ್ನೆ ಮಹೇಶ ತಟ್ಟೆಯಲ್ಲಿ ಹಣ್ಣು, ಹೂವು ಹಿಡಿದು ಬಂದ. ಕೂದಲಿಗೆ ಬಣ್ಣ ಬಳಿದುಕೊಂಡಿದ್ದ, ಕಿವಿಗೂ ಸ್ವಲ್ಪ ಮೆತ್ತಿತ್ತು. “ಸೋದ್ರಮಾವನ ಅಕ್ಕು ಕಣಕ್ಕ, ಬೇರೇವ್ರಿಗೆ ಕೊಡೋಕ್ ಮುಂಚೆ ನನ್ನ ಕೇಳ್ಬೇಕಲ್ವಾ?” ಅಂದ. ನನ್ನ ನಾಲಿಗೆ ಹೊರಳುವ ಮೊದಲೇ ಮಗಳು ಗದ್ದೆಯಿಂದ ಬಂದಳು. ಅವಳು ಈಗ ನಾಟಿ ಯಂತ್ರ ಓಡಿಸುತ್ತಾಳೆ. ಆಳು ಸಿಗದ ಊರೂರಿನವರು ಅವಳಿಗೆ ಫೋನ್ ಮಾಡಿ ಸರದಿ ಕಾಯುತ್ತಾರೆ. ಕೆಸರು ಕಾಲಲ್ಲೇ ನಿಂತು ಕೇಳಿದಳು:

“ಮಾವ, ನನ್ ಕಿವಿ ಚುಚ್ಚಿದ್ ದಿಸ ನಾನು ಯಾರ್ ತೊಡೆ ಮ್ಯಾಲೆ ಕೂತಿದ್ದೆ, ಏಳು?”

ಅವನು ತಟ್ಟೆ ನೋಡುತ್ತ ಕೂತ. “ಅಪ್ಪ ಬುಡ್ಲಿಲ್ಲ ಕಣವ್ವ.”

“ಅಂಗಾರೆ ಎಣ್ಣೂ ಅವ್ರನ್ನೇ ಓಗಿ ಕೇಳು.”

ಆಹಾ! ಎಂಥ ಮಗಳನ್ನು ಹೆತ್ತೆ ಅನಿಸಿತು.

ಹೊರಡುವಾಗ ಮಹೇಶ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಅವ್ವ ಇಲ್ಲದ ಮನೆಯಲ್ಲಿ ಒಬ್ಬನೇ ಬೇಯಿಸಿಕೊಳ್ಳುತ್ತಾನೆ. “ಮಾಲಯಕ್ಕೆ ಅಪ್ಪಂಗೆ ಎಡೆ ಮಾಡೋರೇ ಇಲ್ಲ ಕಣಕ್ಕ. ಓದ್ಸಲ ಓಟ್ಲಿಂದ ಪಾರ್ಸಲ್ ತಂದು ಇಕ್ಕಿವ್ನಿ” ಅಂದ. ನಾನು ಜೋರಾಗಿ ನಕ್ಕೆ. ಎಡೆ ಇಡಲು ಗಂಡು ಬೇಕು ಅಂದಿದ್ದೆಯಲ್ಲ, ಗಂಡೇ ಇಟ್ಟಿದ್ದಾನೆ, ಉಂಡೆಯಾ? ಮಹೇಶನ ಮೇಲೆ ಮಾತ್ರ ಒಂಚೂರು ಕನಿಕರ ಬಂತು. ಅವಳ ಕಿವಿ ಚುಚ್ಚಿಸಿದಾಗ ಅವನಿಗೂ ಹದಿನಾರು ತುಂಬಿರಲಿಲ್ಲ. ನಿನ್ನ ಮೇಲೆ ಬರಲಿಲ್ಲ, ಬರುವುದೂ ಇಲ್ಲ.

ಆಗ ಮಗಳು ಒಳಗಿಂದ ಕೂಗಿದಳು, “ಅಳ್ಬ್ಯಾಡ ಮಾವ. ಈ ಸಲ ನಾನೇ ಬಂದು ಎಡೆ ಇಕ್ತೀನಿ. ಉಣ್ಣಂಗಿದ್ರೆ ತಾತ ಉಣ್ಲಿ.”

ಆದ್ದರಿಂದ ಅಪ್ಪ, ಈ ಮಹಾಲಯಕ್ಕೆ ನಾವು ಹೆಡತಲೆಗೆ ಬರುತ್ತೇವೆ. ನೀನು ಬೇಡವೆಂದ ಕಾಲು ನಿನ್ನ ಹೊಸಿಲು ತುಳಿದು ಒಳಗೆ ಬರುತ್ತದೆ. ನಿನಗಿಷ್ಟದ ನಾಟಿಕೋಳಿ ಸಾರು, ಮುದ್ದೆ ಅವಳೇ ಮಾಡುತ್ತಾಳೆ. ನೀನು ಪ್ರತಿವರ್ಷ ಮಾಡುತ್ತಿದ್ದ ಹಾಗೆ ಮೊದಲು ನಿನ್ನ ಅವ್ವನಿಗೆ ಸೀರೆ ಇಟ್ಟು ಎಲೆ ಹಾಕಿ, ಪಕ್ಕದಲ್ಲಿ ನಿನ್ನ ಎಲೆ ಹಾಕುತ್ತಾಳೆ. ಹಿರಿಯರು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ನಾವು ಹೊರಗೆ ಕೂರುತ್ತೇವೆ. ಹಸಿದಿದ್ದರೆ ಅವಳ ಕೈಯಡುಗೆ ಉಣ್ಣು. ಇಲ್ಲವಾದರೆ ಹಾಗೇ ಎದ್ದು ಹೋಗು.

ಸಾಯುವವರೆಗೂ ನೀನು ನನ್ನ ಮಗಳ ಹೆಸರು ಕೇಳಲಿಲ್ಲ. ಪಕ್ಕದ ಎಲೆಯ ಮುಂದೆ ನಿನ್ನ ಅವ್ವ ಕೂತಿರುತ್ತಾಳಲ್ಲ, ಅವಳನ್ನೇ ಕೇಳು. ಅವಳ ಹೆಸರನ್ನೇ ಮಗಳಿಗೆ ಇಟ್ಟಿದ್ದೇನೆ. ಗೌರಮ್ಮ.

ನೀನು ಟೀ ತರುವಷ್ಟರಲ್ಲಿ ಹೊರಟುಹೋದ
ನಿನ್ನ ಮಗಳು