ಅತ್ತೆಯ ಮೇಜಿನ ಭಾಷೆ

ಸ್ಯಾಂಟಿಯಾಗೊ, ಚಿಲಿ
ಆಗಸ್ಟ್ ೧೭, ಭಾನುವಾರ

ಪೂಜ್ಯ ಅತ್ತೆಯವರೇ,

ಹೇಗಿದ್ದೀರಿ? ಮಂಡಿನೋವು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಳ್ಳುತ್ತಿದ್ದೀರಿ ತಾನೆ? ಅಲ್ಲಿ ಕಾಪ್ ಪಟ್ಟಣದಲ್ಲಿ ನಿಮಗೆ ಬಿಸಿಲ ಕಾಟ, ಇಲ್ಲಿ ನಮಗೆ ಚಳಿ. ಸೀಮೆಎಣ್ಣೆ ಹೀಟರಿನ ಪಕ್ಕ ಕೂತು ಬರೆಯುತ್ತಿದ್ದೇನೆ, ಅದೂ ನಮ್ಮ ಹೈಟಿಯ ಕ್ರಿಯೋಲ್‌ನಲ್ಲೇ. ಇಷ್ಟು ವರ್ಷ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಹೇಳಿದವರು, ಓದುತ್ತ ಮೂಗು ಮುರಿಯುತ್ತೀರೆಂದು ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾತು ನಿಮಗೆ ಹಿಡಿಸದ ಕಡೆಗೆ ಹೋದ ತಕ್ಷಣ ನೀವು ಫ್ರೆಂಚಿಗೆ ತಿರುಗುತ್ತೀರಿ, ನಾನು ಫೋನ್ ಹಿಡಿದುಕೊಂಡು ಬೆಪ್ಪಾಗಿ ನಿಲ್ಲುತ್ತೇನೆ. ಅದಕ್ಕೇ ಈ ಕಾಗದ. ಊರಿಗೆ ಬರುತ್ತಿರುವ ನಿಮ್ಮ ಮೈದುನನ ಮಗಳು ಮಿರ್ಲಾಂದ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಸ್ನೆಲ್ ಈ ವಾರವೆಲ್ಲ ನಿಮ್ಮ ಫೋನ್ ಎತ್ತಲಿಲ್ಲವೆಂದು ಗಾಬರಿಯಾಗಬೇಡಿ. ನಿಮ್ಮ ಮಗ ಆರೋಗ್ಯವಾಗಿದ್ದಾನೆ.

ನಮ್ಮ ಸ್ಪ್ಯಾನಿಷ್ ಪಾಠ ನಡೆಯುತ್ತಿದೆ. ಶನಿವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತೇವೆ. ಹೇಳಿಕೊಡುವವರು ದೋನ್ಯಾ ಒರ್ತೆನ್ಸಿಯಾ ಎಂಬ ಇಲ್ಲಿನ ಹಿರಿಯ ಹೆಂಗಸು. ಪಾಠ ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಟ್ಟು, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ಬಲವಂತ ಮಾಡಿ ತಿನ್ನಿಸುತ್ತಾರೆ. ಮೊದಮೊದಲು ಒಸ್ನೆಲ್‌ಗೆ ಭಾರಿ ಹುಮ್ಮಸ್ಸು. ಫ್ರೆಂಚ್ ಬರುವವನಿಗೆ ಇದು ಯಾವ ಮಹಾ ಭಾಷೆ, ಆರು ತಿಂಗಳಲ್ಲಿ ಅರೆದು ಕುಡಿಯುತ್ತೇನೆ ಎಂದಿದ್ದ. ಅವನಿಗೆ ಎಲ್ಲ ಅರ್ಥವಾಗುತ್ತದೆ ಅತ್ತೆ, ಸುಳ್ಳು ಹೇಳಬಾರದು. ಬಾಯಿ ಮಾತ್ರ ತೆರೆಯುವುದಿಲ್ಲ. ವಾಕ್ಯ ಪೂರ್ತಿ ಸರಿಯಾಗಿದೆಯೆಂದು ಒಳಗೇ ಖಾತ್ರಿಯಾಗುವವರೆಗೂ ಹಣೆ ಉಜ್ಜುತ್ತ ಕೂರುತ್ತಾನೆ. ಅಷ್ಟರಲ್ಲಿ ಮಾತು ನಾಲ್ಕು ಬೆಂಚು ದಾಟಿ ಹೋಗಿರುತ್ತದೆ. 'ತಪ್ಪಾದ್ರೆ ಆಗ್ಲಿ ಕಣಪ್ಪ, ಬಾಯಿ ಬಿಡು. ತಿದ್ದೋಕಾದ್ರೂ ನಂಗೇನಾದ್ರೂ ಕೊಡ್ಬೇಕಲ್ಲ' ಎಂದು ದೋನ್ಯಾ ಒರ್ತೆನ್ಸಿಯಾ ಬೇಡಿಕೊಳ್ಳುತ್ತಾರೆ. ನಿಮ್ಮ ಮಗ ನಗುತ್ತಾನೆ ಅಷ್ಟೆ.

ನನ್ನದು ಹಾಗಲ್ಲ. ಸಂತೆಯಲ್ಲಿ ತರಕಾರಿ ಮಾರುವವಳು ವ್ಯಾಕರಣ ನೋಡುತ್ತ ನಿಂತರೆ ಟೊಮೆಟೊ ಕೊಳೆಯುತ್ತದೆ. ತಪ್ಪೋ ಒಪ್ಪೋ ಕೂಗುತ್ತೇನೆ. ಗಿರಾಕಿಗಳು ನಗುತ್ತಾರೆ, ತಿದ್ದುತ್ತಾರೆ, ಕೊಳ್ಳುತ್ತಾರೆ. ಒಮ್ಮೆ ಪಾಠದಲ್ಲಿ ಗಂಡ ಹೆಂಡಿರು ಒಬ್ಬರ ಬಗ್ಗೆ ಒಬ್ಬರು ಹೇಳಬೇಕೆಂದರು. ನಾನು ಎದ್ದು, ಇವನು ನನ್ನನ್ನು ಕೇಳಲು ಬಂದ ದಿನ ನಮ್ಮಪ್ಪನ ಕತ್ತೆಗೆ ಹೆದರಿ ಬೇಲಿಯಾಚೆಯೇ ನಿಂತಿದ್ದನ್ನು ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸ್ಸಿನಲ್ಲಿ ಇವನ ಮುಖ ಊದಿಕೊಂಡಿತ್ತು. 'ಮನೆ ವಿಷ್ಯ ಅಲ್ಲಿ ಯಾಕೆ ಹೇಳ್ದೆ? ಅದೂ ಅಷ್ಟೊಂದು ತಪ್ಪು ಇಟ್ಕೊಂಡು' ಎಂದ. ಕತ್ತೆಯ ವಿಷಯಕ್ಕಿಂತ ತಪ್ಪುಗಳ ವಿಷಯಕ್ಕೇ ಅವನಿಗೆ ಹೆಚ್ಚು ಅವಮಾನವಾಗಿತ್ತು. ಈ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಗೊತ್ತು, ನಿಮಗೂ ಗೊತ್ತು.

ನಿಮ್ಮ ಮನೆಯ ಭಾನುವಾರದ ಊಟ ನೆನಪಿದೆಯೆ? ಮದುವೆಯಾಗಿ ಬಂದ ಮೊದಲ ವಾರ. ನಾನು ಉಪ್ಪು ಕೇಳಿದೆ, ಕ್ರಿಯೋಲ್‌ನಲ್ಲಿ. ಉಪ್ಪು ನಿಮ್ಮ ಕೈಯ ಪಕ್ಕದಲ್ಲೇ ಇತ್ತು. ನಿಮಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. ನೀವು ಒಸ್ನೆಲ್ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಅಂದಿರಿ, ಎಲ್ಲರೂ ತಟ್ಟೆ ನೋಡಿಕೊಂಡು ನಕ್ಕರು. ಆಮೇಲೆ ನನಗೆ ಅರ್ಥವಾಗಲೆಂದೇ ನನ್ನ ಭಾಷೆಗೆ ಇಳಿದು ಹೇಳಿದಿರಿ: 'ಈ ಮೇಜಿನ್ ಮುಂದೆ ಫ್ರೆಂಚ್ ಬಂದೋರು ಮಾತಾಡ್ತಾರೆ, ಬರ್ದಿದ್ದೋರು ಉಣ್ತಾರೆ.' ಒಸ್ನೆಲ್ ಚಿಕ್ಕವನಾಗಿದ್ದಾಗ ಒಂದು ಮಾತು ತಪ್ಪಿದರೂ ಪೂರ್ತಿ ಊಟ ಮುಗಿಯುವವರೆಗೆ ಸುಮ್ಮನಿರಬೇಕಾಗಿತ್ತಂತೆ. ಅವನೇ ಹೇಳಿದ. ತಪ್ಪು ಮಾತಾಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಅವನಿಗೆ ಅಷ್ಟು ಚೆನ್ನಾಗಿ ಕಲಿಸಿದ್ದೀರಿ. ನಾನಂತೂ ಎಂಟು ವರ್ಷ ಆ ಮೇಜಿನ ಮುಂದೆ ಸಪ್ಪೆ ಅನ್ನ ಉಂಡೆ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರಬೇಕೆಂದು ನನಗೆ ಆಸೆಯೂ ಇಲ್ಲ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಕಳೆದ ಕ್ರಿಸ್ಮಸ್ಸಿನಲ್ಲಿ, ನಿಮ್ಮ ಬಳಿ ಬಿಟ್ಟುಬಂದ ನನ್ನ ನೈಕಾ ಫೋನಿನಲ್ಲಿ ಏನು ಹೇಳಿದಳು ಗೊತ್ತೆ? 'ಅಮ್ಮಾ, ನಿನ್ ಹತ್ರ ಜಾಸ್ತಿ ಮಾತಾಡಿದ್ರೆ ನನ್ ಭಾಷೆ ಕೆಡುತ್ತಂತೆ. ಅಜ್ಜಿ ಹೇಳ್ತು, ಇಡ್ಲಾ?' ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು. ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನೀವು ಹಾಕಿದ ಷರತ್ತನ್ನೂ ಮರೆತಿಲ್ಲ. 'ಸೊಸೆ ಇಮಾಕುಲಾ ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ನಿಂತು ನಾಲ್ಕು ಮಾತಾಡುವಂತಾಗುವವರೆಗೆ ಮಗುವನ್ನು ಕಳಿಸುವುದಿಲ್ಲ, ಕಳಿಸಿದರೂ ನಾನೇ ಜೊತೆಗೆ ಬಂದು ಅಲ್ಲೇ ಇದ್ದು ಅವಳನ್ನು ತಿದ್ದಿ ಬೆಳೆಸುತ್ತೇನೆ' ಎಂದು ಮಗನ ಹತ್ತಿರ ಹೇಳಿಸಿದಿರಿ. ಆ ಮಾತು ಕೇಳಿದ ದಿನದಿಂದ ನಾನು ಒಂದು ಶನಿವಾರವೂ ಪಾಠ ತಪ್ಪಿಸಿಲ್ಲ.

ಈಗ ಸಂತೋಷದ ಸುದ್ದಿ. ಮಂಗಳವಾರ ನಾವಿಬ್ಬರೂ ವೀಸಾ ಕೇಳಲು ಕಚೇರಿಗೆ ಹೋದೆವು. ನಿಂತೆ, ಮಾತಾಡಿದೆ. ತಪ್ಪು ಎಷ್ಟಿತ್ತೆಂದು ದೇವರಿಗೇ ಗೊತ್ತು, ಆದರೆ ಕಿಟಕಿಯ ಆಚೆ ಕೂತಿದ್ದ ಹುಡುಗಿ ಒಂದು ಸಲವೂ ಮೂಗು ಮುರಿಯಲಿಲ್ಲ. ನೈಕಾ ಬರಬಹುದು ಎಂದು ಅಲ್ಲೇ ಒಪ್ಪಿಗೆ ಸಿಕ್ಕಿತು. ಮಿರ್ಲಾಂದ್ ವಾಪಸು ಬರುವಾಗ ಮಗುವನ್ನು ಕರೆತರುತ್ತಾಳೆ. ದಪ್ಪ ಸ್ವೆಟರ್ ಒಂದನ್ನು ಅವಳ ಕೈಯಲ್ಲೇ ಕಳಿಸಿದ್ದೇನೆ, ವಿಮಾನ ಹತ್ತುವಾಗ ಮಗುವಿಗೆ ಹಾಕಿಸಿ. ಅವಳಿಗೆ ಕೂದಲು ಬಾಚಿ ಜಡೆ ಹಾಕುವುದರಲ್ಲಿ ನಿಮ್ಮ ಕೈ ಚೆನ್ನ, ಅದನ್ನು ಯಾವತ್ತೂ ಇಲ್ಲವೆನ್ನುವುದಿಲ್ಲ. ಹೊರಡುವ ದಿನ ಚಂದವಾಗಿ ಹಾಕಿ ಕಳಿಸಿ.

ನೆರೆಮನೆಯ ಮದಾಮ್ ಸೊರೆಲ್‌ಗೂ ಪಾದ್ರಿಗಳಿಗೂ ನನ್ನ ನಮಸ್ಕಾರ ತಿಳಿಸಿ. ವರ್ಜಿನ್ ಮೇರಿ ನಿಮ್ಮ ಮಂಡಿಗೂ ಮನಸ್ಸಿಗೂ ನೆಮ್ಮದಿ ಕೊಡಲಿ.

ನಿಮ್ಮ ಸೊಸೆ,
ಇಮಾಕುಲಾ

ತಾ.ಕ.: ಮಿರ್ಲಾಂದ್ ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾಳೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಕಚೇರಿಯ ಹುಡುಗಿ ಕೊನೆಯಲ್ಲಿ ಒಸ್ನೆಲ್‌ನ ಕಡೆ ನೋಡಿ, 'ಮಗು ಒಬ್ಳೇನಾ? ಅಲ್ಲಿ ನಿಮ್ನೇ ನಂಬ್ಕೊಂಡಿರೋರು ಇನ್ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ' ಎಂದಳು. ಅವನಿಗೆ ಪ್ರಶ್ನೆ ಅರ್ಥವಾಯಿತು. ನಿಮಗಾಗಿ ಆ ಉತ್ತರವನ್ನು ಮನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಕಲಿತಿದ್ದ. ಬಾಯಿ ತೆರೆದ, ಮುಚ್ಚಿದ, ಹಣೆ ಉಜ್ಜಿದ. ಹಿಂದಿನ ಸಾಲಿನವರು ಗೊಣಗುತ್ತಿದ್ದರು. ಹುಡುಗಿ ನನ್ನ ಕಡೆ ತಿರುಗಿದಳು. 'ಇಲ್ಲಮ್ಮ, ಇನ್ಯಾರೂ ಇಲ್ಲ' ಎಂದೆ. ಅಲ್ಲಲ್ಲ, ಅಮ್ಮ ಇದ್ದಾಳೆ ಎಂದು ಒಸ್ನೆಲ್ ಆಗಲೂ ಹೇಳಬಹುದಿತ್ತು. ಅಷ್ಟರಲ್ಲಿ ಹುಡುಗಿ ಮುಂದಿನವರನ್ನು ಕರೆದಳು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಮಗುವಿನ ಹಾಗೆ ಅತ್ತ. ನಿಮಗೆ ಹೇಗೆ ಹೇಳುವುದೆಂದು ಇನ್ನೂ ಮಾತು ಹುಡುಕುತ್ತಿದ್ದಾನೆ, ಅದಕ್ಕೆ ನಾನೇ ಬರೆದೆ. ಅಜ್ಜಿ ಇಬ್ಬರ ಬಟ್ಟೆಯನ್ನೂ ಒಂದೇ ಪೆಟ್ಟಿಗೆಗೆ ತುಂಬಿದ್ದಾಳೆಂದು ನೈಕಾ ನಿನ್ನೆ ಹೇಳಿದಳು. ನಿಮ್ಮವನ್ನು ಹೊರಗೆ ತೆಗೆದಿಡಿ.