ಬೋರ್ಡಿನಲ್ಲಿದ್ದ ನನ್ನ ಚಿತ್ರ

ಹೊಟ್ಟೆಯೊಳಗೆ ಈಗಷ್ಟೇ ಮಗ್ಗುಲು ಬದಲಿಸಿದ ನನ್ನ ಕೂಸಿಗೆ,

ನಿನಗಿನ್ನೂ ಹೆಸರಿಲ್ಲ. ಹೆಸರು ಹುಡುಕುವ ಕೆಲಸವನ್ನು ನಿನ್ನ ಅಪ್ಪ ಆನಂದ ವಹಿಸಿಕೊಂಡಿದ್ದಾನೆ. ಅಂದರೆ ಅದು ನೀನು ಶಾಲೆಗೆ ಸೇರುವ ಹೊತ್ತಿಗೆ ಮುಗಿದರೆ ಪುಣ್ಯ. ಮುಂದಿನ ವಾರ ನನಗೆ ಕುಬಸ, ಅಂದರೆ ಸೀಮಂತ ಮಾಡುತ್ತಾರೆ. ಇಳಕಲ್ಲಿನ ಈ ಮನೆಯಲ್ಲಿ ಈಗಲೇ ಹಸಿರು ಸೀರೆ, ಹಸಿರು ಬಳೆಗಳ ಗದ್ದಲ ಶುರುವಾಗಿದೆ. ಈ ಗದ್ದಲದಲ್ಲಿ ನಿನ್ನ ಬಗ್ಗೆ ಯಾರ್ಯಾರೋ ಏನೇನೋ ಕಥೆ ಕಟ್ಟುವ ಮೊದಲು ನಡೆದದ್ದನ್ನು ನಾನೇ ಬರೆದಿಡಬೇಕು ಅನ್ನಿಸಿತು. ನಿನ್ನ ಆಯಿ, ಅಂದರೆ ನಿನ್ನ ಅಪ್ಪನ ತಾಯಿ ರೇಣವ್ವ, ನೀನು ಜಪಾನಿನ ಬೆಂಕಿ ಬೆಟ್ಟ ಕೊಟ್ಟ ಕೂಸು ಎಂದು ಓಣಿ ತುಂಬ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು. ನೀನು ಇಲ್ಲಿಂದಲೇ ನನ್ನ ಜೊತೆ ಹೊರಟಿದ್ದೆ, ಟಿಕೆಟ್ಟಿಲ್ಲದೆ.

ನಿನ್ನ ಅವ್ವ ಹುನಗುಂದದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ವರ್ಷಕ್ಕೊಮ್ಮೆ ಜ್ವಾಲಾಮುಖಿಯ ಪಾಠ ಬರುತ್ತದೆ. ಆ ದಿನ ನಾನು ಕೆಂಪು ಸೀಮೆಸುಣ್ಣ ತೆಗೆದು ಹಲಗೆಯ ತುಂಬ ಬೆಟ್ಟ ಬರೆದು, ಅದರ ಹೊಟ್ಟೆಯೊಳಗೆ ಬೆಂಕಿಯ ರಸ ತುಂಬುತ್ತೇನೆ. ನಮ್ಮ ಇಳಕಲ್ಲಿನ ಕೆಂಪು ಕಲ್ಲು ಕೂಡ ಒಂದು ಕಾಲಕ್ಕೆ ನೆಲದೊಳಗೆ ಹೀಗೇ ಕುದಿಯುತ್ತಿತ್ತು, ಆಮೇಲೆ ನಿಧಾನವಾಗಿ ತಣಿದು ಗಟ್ಟಿಯಾಯಿತು ಎನ್ನುತ್ತೇನೆ. ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಕೊನೆಗೆ ಒಬ್ಬರಾದರೂ ಎದ್ದು ನಿಂತು, "ನೀವು ಜ್ವಾಲಾಮುಖಿ ನೋಡೀರೇನ್ರಿ ಟೀಚರ?" ಎಂದು ಕೇಳಿಯೇ ಕೇಳುತ್ತಾರೆ. ಪ್ರತಿ ವರ್ಷ ನಾನು "ಇಲ್ಲ" ಎಂದು ಹೇಳಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದೆ. ನಿನ್ನ ಅಪ್ಪ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ ನೋಡಿಕೊಳ್ಳುತ್ತಾನೆ. ಅವನಿಗೆ ಈ ಕುದಿಯುವ ಕಥೆ ಹೇಳಿದರೆ, "ನನ್ನ ಕೈಗೆ ಬರೂದ್ರಾಗ ತಣ್ಣಗ ಆಗಿರತೈತಲ್ಲ, ಅಷ್ಟ ಸಾಕು" ಅನ್ನುತ್ತಾನೆ. ಇಂಥವನನ್ನು ಜಪಾನಿಗೆ ಹೊರಡಿಸಲು ನಾನು ಎಷ್ಟು ತಲೆ ತಿಂದಿರಬೇಕು, ನೀನೇ ಅಂದಾಜು ಮಾಡು.

ಹೋದ ದಸರಾ ರಜೆಯಲ್ಲಿ ಬಾಗಲಕೋಟೆಯ ಒಂದು ಪ್ರವಾಸದ ಗುಂಪಿನ ಜೊತೆ ಹೊರಟೆವು. ಆಯಿಯನ್ನು ಬಿಟ್ಟು ಹೋಗುವ ಮಾತೇ ಬರಲಿಲ್ಲ, ಯಾಕೆಂದರೆ ನಮಗಿಂತ ಮೊದಲು ಅವಳ ಚೀಲ ತಯಾರಾಗಿತ್ತು. ಶಿರೂರಿನ ಬಯಲಲ್ಲಿ ಕುರಿ ಕಾಯುತ್ತ ಬೆಳೆದ ಹೆಂಗಸು ಅವಳು. ಇಳಕಲ್ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಹಳೆಯ ಬೂಟು, ಹೆಗಲಿಗೆ ಕರಿ ಕಂಬಳಿ, ಸೊಂಟಕ್ಕೆ ಭಂಡಾರದ ಚೀಲ. ಭಂಡಾರ ಅಂದರೆ ನಮ್ಮ ಕುಲದೇವರು ಬೀರಪ್ಪನ ಅರಿಸಿನ ಪುಡಿ. ಆ ಸಣ್ಣ ಚೀಲವನ್ನು ಅವಳು ಸ್ನಾನಕ್ಕೆ ಹೋಗುವಾಗ ಮಾತ್ರ ಬಿಚ್ಚಿಡುತ್ತಾಳೆ. ವಿಮಾನ ನಿಲ್ದಾಣದಲ್ಲಿ ಅದನ್ನು ತೆರೆದು ಮೂಸಿ ನೋಡಿದ ಅಧಿಕಾರಿಯ ಹಣೆಗೇ ಒಂದು ಚಿಟಿಕೆ ಹಚ್ಚಲು ಹೋಗಿದ್ದಳು. ನಾವು ಹೇಗೋ ಕೈ ಹಿಡಿದು ನಿಲ್ಲಿಸಿದೆವು.

ಈಗ ಹೇಳಲು ಕಷ್ಟವಾದ ಮಾತೊಂದನ್ನು ಹೇಳುತ್ತೇನೆ. ನಿನಗಿಂತ ಮೊದಲು ಇಬ್ಬರು ಬಂದಿದ್ದರು, ಇಬ್ಬರೂ ನಿಲ್ಲಲಿಲ್ಲ. ಎರಡು ಸಲವೂ ನಾನು ಸಂತೋಷ ತಡೆಯಲಾರದೆ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ. ಆಮೇಲೆ ಅಷ್ಟೂ ಜನರಿಗೆ ಮತ್ತೆ ಫೋನ್ ಮಾಡಿ ಹೇಳಬೇಕಾಯಿತು. ಅದಾದ ಮೇಲೆ ಬೇರೆಯವರ ಕುಬಸಕ್ಕೆ ಹೋದರೆ, ಉಡಿ ತುಂಬಲು ಹೆಂಗಸರು ಒಬ್ಬೊಬ್ಬರಾಗಿ ಏಳುವಾಗ ತಟ್ಟೆ ನನ್ನನ್ನು ದಾಟಿ ಪಕ್ಕದವಳ ಕೈಗೆ ಹೋಗುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ನಾನು ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಭಾಷಣ ಮಾಡುವವಳು. ಆದರೂ ಅಂಥ ದಿನಗಳಲ್ಲಿ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಟೋಕಿಯೋದ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ಬಸಿರು ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ನೀನು ಇದ್ದೆ. ನಾನು ಆ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿ, ಮುಖ ತೊಳೆದುಕೊಂಡು, ಏನೂ ಆಗಿಲ್ಲದವಳಂತೆ ತಿಂಡಿಗೆ ಹೋದೆ. ಈ ಸಲ ಯಾರಿಗೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ನಮ್ಮ ಮನೆಯ ಪದ್ಧತಿಯೂ ಹಾಗೇ ಇದೆ. ಬಸುರಿ ತಾನಾಗಿ ಹೇಳುವ ತನಕ ಯಾರೂ ಕೇಳಬಾರದು. ಗೊತ್ತಾದ ಹಿರಿಯಳು ಬಾಯಿಂದ ಏನೂ ಆಡದೆ ಐದು ಪದಾರ್ಥ ಹಾಕಿ ಉಡಿ ತುಂಬಬೇಕು. ಆಡಿದರೆ ದೃಷ್ಟಿಯಾಗುತ್ತದಂತೆ. ಹಿಂದಿನ ಎರಡು ಸಲ ನಾನು ಆ ಪದ್ಧತಿಗೆ ನಕ್ಕಿದ್ದೆ.

ಮಾರನೆಯ ದಿನವೇ ನಾನು ಇಷ್ಟು ವರ್ಷ ಕಾದಿದ್ದ ಜ್ವಾಲಾಮುಖಿಯ ಕಣಿವೆ. ಓವಾಕುದಾನಿ ಎಂದು ಅದರ ಹೆಸರು, ದೊಡ್ಡ ಕುದಿಯುವ ಕಣಿವೆ ಎಂದು ಅರ್ಥವಂತೆ. ರೋಪ್‌ವೇ ಹತ್ತಿ ಮೇಲೆ ಹೋದರೆ ನೆಲದ ಬಿರುಕುಗಳಿಂದ ಹಗಲೂ ರಾತ್ರಿ ಹೊಗೆ ಏಳುವುದು ಕಾಣುತ್ತದೆ. ಅಲ್ಲಿಯ ಬುಗ್ಗೆಯ ಬಿಸಿನೀರಿನಲ್ಲಿ ಬೇಯಿಸಿದ ಕೋಳಿಮೊಟ್ಟೆಯ ಸಿಪ್ಪೆ ಕಪ್ಪಾಗುತ್ತದೆ, ಒಂದು ತಿಂದರೆ ಏಳು ವರ್ಷ ಆಯುಷ್ಯ ಹೆಚ್ಚುತ್ತದೆ ಎಂದು ಅಲ್ಲಿಯವರ ನಂಬಿಕೆ. ಬಸ್ಸಿನಲ್ಲಿ ನಾನು ಇದನ್ನೆಲ್ಲ ಇಡೀ ಗುಂಪಿಗೆ ಪಾಠ ಮಾಡಿದ್ದೆ. ನಮ್ಮನ್ನು ಕರೆದುಕೊಂಡು ಹೋಗಿದ್ದ ವಿಜಯೀಂದ್ರ, "ಮೇಡಂ, ನನ್ನ ಕೆಲಸಾನೂ ನೀವ ಮಾಡಿಬಿಟ್ರಿ" ಎಂದು ಮೈಕು ನನ್ನ ಕೈಗೇ ಕೊಟ್ಟುಬಿಟ್ಟಿದ್ದ.

ರೋಪ್‌ವೇ ಹತ್ತುವ ಸ್ಟೇಷನ್ನಿನಲ್ಲಿ ಒಂದು ಬೋರ್ಡು ಇತ್ತು. ಮೇಲೆ ವಿಷದ ಗಾಳಿ ಇರುತ್ತದೆ, ಇಂಥವರು ಹೋಗಬೇಡಿ ಎಂದು ಚಿತ್ರ ಬರೆದಿದ್ದರು. ಎದೆ ಹಿಡಿದುಕೊಂಡವನು, ಕೆಮ್ಮುವವನು, ಕೋಲು ಹಿಡಿದ ಮುದುಕಿ. ಅವರ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಒಬ್ಬ ಹೆಂಗಸು. ಇಷ್ಟು ಓದಿಕೊಂಡಿದ್ದ ನಾನು ಇದೊಂದನ್ನು ಓದಿರಲಿಲ್ಲ. ಕಾಲುಗಳು ಅಲ್ಲಿಯೇ ನಿಂತುಬಿಟ್ಟವು. ಸಾಲು ಮುಂದೆ ಸರಿಯುತ್ತಿತ್ತು, ಗಾಜಿನ ಡಬ್ಬಿಗಳು ಒಂದೊಂದಾಗಿ ಬೆಟ್ಟದ ಕಡೆಗೆ ತೇಲಿಹೋಗುತ್ತಿದ್ದವು. ಸ್ವಲ್ಪ ಹೊತ್ತು ಇದ್ದು ಬಂದರೆ ಏನಾಗುತ್ತದೆ ಎಂದು ಮನಸ್ಸು ಕೇಳಿತು. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ಖಂಡಿತ ಕೇಳಿತು. ಆಮೇಲೆ ನಾನು ಸಾಲಿನಿಂದ ಹೊರಗೆ ಬಂದೆ.

"ನನಗ್ಯಾಕೋ ತಲಿ ತಿರುಗಾಕ ಹತ್ತೈತ್ರಿ. ನೀವು ಅತ್ತಿನ್ನ ಕರ್ಕೊಂಡು ಹೋಗಿ ಬರ್ರಿ" ಎಂದೆ. ನಿನ್ನ ಅಪ್ಪ ನನ್ನನ್ನೇ ನೋಡಿದ. "ಇದರ ಸಲುವಾಗಿ ನಮ್ಮನ್ನ ಸಮುದ್ರ ದಾಟಿಸಿದಿ. ಈಗ ನೀನ ಬರೂದಿಲ್ಲಂದ್ರ ಹೆಂಗ?" ಎಂದ. ಅವನ ಕಣ್ಣು ಬೋರ್ಡಿನ ಮೇಲಿರಲಿಲ್ಲ, ಕೈಯಲ್ಲಿದ್ದ ಟಿಕೆಟ್ಟುಗಳ ಮೇಲಿತ್ತು. ಆಯಿ ಮಾತ್ರ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳು. ಕೋಲಿನ ಮುದುಕಿಯನ್ನು ನೋಡಿ, "ಇದು ನಾ ಅಲ್ಲ ಬಿಡು, ನನ್ನ ಕಡೆ ಕೋಲಿಲ್ಲ" ಎಂದಳು. ಆಮೇಲೆ ಪಕ್ಕದ ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಹೆಗಲ ಮೇಲಿನ ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟು, "ಥಂಡಿ ಐತಿ, ಮೈ ತುಂಬ ಹೊಚ್ಕೊ. ನಾ ಹೋಗಿ ನಿನ್ನ ಪಾಲಿಂದೂ ನೋಡ್ಕೊಂಡು ಬರ್ತೇನಿ" ಎಂದು ಮಗನ ತೋಳು ಹಿಡಿದು ನಡೆದಳು.

ಸ್ಟೇಷನ್ನಿನ ಮಹಡಿಯ ಮೇಲೆ, ಬಯಲಿಗೆ ಮುಖ ಮಾಡಿ ಕೂತು ಕಾಲು ಇಳಿಬಿಡಲು ಬಿಸಿನೀರಿನ ತೊಟ್ಟಿ ಮಾಡಿದ್ದಾರೆ. ನಾನು ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು, ಕಂಬಳಿ ಹೊದ್ದು ಕೂತೆ. ಎದುರಿಗೆ ಬೆಟ್ಟಗಳು, ಅವುಗಳಾಚೆ ಸಮುದ್ರದ ಒಂದು ಗೆರೆ. ಕಂಬಳಿಗೆ ನಮ್ಮ ಹಟ್ಟಿಯ ಕುರಿಗಳ ವಾಸನೆ ಇತ್ತು. ಎಷ್ಟೋ ವರ್ಷ ಕಂಡ ಕನಸಿನ ಬಾಗಿಲಿಗೆ ಬಂದು ವಾಪಸಾದೆನಲ್ಲ, ಅಳು ಬರಬೇಕಿತ್ತು. ಬರಲಿಲ್ಲ. ಆ ಹೆಂಗಸಿನ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು. ಎಷ್ಟು ಬಾಗಿಲುಗಳಲ್ಲಿ ಬಾಯಿಬಿಟ್ಟು ಹೇಳದೆ ನನ್ನನ್ನು ಹೊರಗಿಟ್ಟಿದ್ದರು. ಇಲ್ಲಿ ಮಾತ್ರ ನನ್ನ ಚಿತ್ರ ಬರೆದು, ನೀನು ತಾಯಿ, ಅದಕ್ಕೇ ಹೊರಗಿರು ಅಂದಿದ್ದರು. ಹೊರಗೆ ಉಳಿದದ್ದಕ್ಕೆ ಅಷ್ಟು ಸುಖಪಟ್ಟದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ನೀರು ಬೆಚ್ಚಗಿತ್ತು. ಒಬ್ಬಳೇ ನಗುತ್ತಿದ್ದೆ.

ಅವರು ಮರಳಿ ಬಂದಾಗ ನಿನ್ನ ಅಪ್ಪ ತಲೆಯಿಂದ ಬೂಟಿನವರೆಗೆ ಹಳದಿಯಾಗಿದ್ದ. ನಡೆದದ್ದು ಇಷ್ಟು. ಮೇಲೆ ಬಂಡೆಗಳಿಗೆಲ್ಲ ಗಂಧಕ ಹತ್ತಿ ಹಳದಿಯಾಗಿರುತ್ತದೆ. ಆಯಿ ಕಟಾಂಜನದ ಹತ್ತಿರ ಹೋಗಿ, ಹೊಗೆಯ ನಡುವೆ ಆ ಹಳದಿ ಕಲ್ಲುಗಳನ್ನು ಕಂಡವಳೇ ಕೈ ಮುಗಿದು ನಿಂತುಬಿಟ್ಟಳಂತೆ. ಇಷ್ಟು ಭಂಡಾರ ಬಿದ್ದಿದೆ ಅಂದರೆ ಇದು ಬೀರಪ್ಪನ ಜಾಗವೇ ಎಂದು ಅವಳ ತೀರ್ಮಾನ. ವಿಜಯೀಂದ್ರ, "ಅದು ಗಂಧಕರೀ ಅಮ್ಮಾ, ನೆಲದಾಗಿಂದ ಬರತೈತಿ" ಎಂದು ತಿಳಿಸಿ ಹೇಳಿದ್ದಾನೆ. "ನಿಮಗ ಗಂಧಕ ಇರಬಹುದರೀ" ಎಂದು ಉತ್ತರ ಕೊಟ್ಟು, ಚೀಲದಿಂದ ಹಿಡಿ ತುಂಬ ಭಂಡಾರ ತೆಗೆದು ಕಣಿವೆಯ ಕಡೆಗೆ ಹಾರಿಸಿದ್ದಾಳೆ. ಗಾಳಿ ಅದನ್ನು ಹಾಗೆಯೇ ತಿರುಗಿಸಿ ಮಗನ ಮೇಲೆ ಸುರಿದಿದೆ. ಪಕ್ಕದಲ್ಲಿದ್ದ ಇಬ್ಬರು ಜಪಾನಿ ಅಜ್ಜಿಯರಿಗೂ ಪಾಲು ಸಿಕ್ಕಿದೆ. ಅವರು ಕೋಟು ಜಾಡಿಸಿಕೊಳ್ಳುತ್ತ ನಕ್ಕು ಬಾಗಿ ನಮಸ್ಕಾರ ಮಾಡಿದರಂತೆ, ಆಯಿಯೂ ತಿರುಗಿ ಬಾಗಿದಳಂತೆ. ಇದು ಎಲ್ಲಿ ಮುಗಿಯುವುದೋ ತಿಳಿಯದೆ ನಿನ್ನ ಅಪ್ಪ ಅವಳನ್ನು ಎಳೆದುಕೊಂಡು ಬಂದ.

"ಹೆಂಗಿತ್ರಿ ಅತ್ತಿ?" ಎಂದು ಕೇಳಿದೆ. "ಸುಣ್ಣದ ಭಟ್ಟಿ ಇದ್ದಂಗ ಐತಿ. ನಾತ ಅಂದ್ರ ನಾತ. ಆದ್ರ ಚಲೋ ಐತಿ, ಯಾರೋ ದೊಡ್ಡವರು ಒಳಗ ಅಡಗಿ ಮಾಡಾಕ ಹತ್ಯಾರ" ಎಂದಳು. ನನ್ನ ಅಷ್ಟು ವರ್ಷದ ಪಾಠಕ್ಕೆ ಇನ್ನೇನು ಸೇರಿಸಲಿ ಹೇಳು.

ಆಮೇಲೆ ಅವಳು ನನ್ನ ಪಕ್ಕ ಕೂತು, "ಮೂಡಲ ಯಾವ ಕಡಿ ಬರತೈತಿ?" ಎಂದು ಕೇಳಿದಳು. ನಾನು ಸಮುದ್ರದ ಕಡೆ ಕೈ ತೋರಿಸಿದೆ. ಅವಳು ನನ್ನನ್ನು ಆ ಕಡೆ ತಿರುಗಿಸಿ ಕೂರಿಸಿದಳು. ನನಗೆ ಸೆರಗಿರಲಿಲ್ಲ, ಕಂಬಳಿಯ ಅಂಚನ್ನೇ ಎಳೆದು ಉಡಿ ಮಾಡಿದಳು. ಮೇಲಿನಿಂದ ತಂದ ಕಾಗದದ ಚೀಲದಿಂದ ಕರಿ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ಹಾಕಿದಳು. ಇನ್ನೂ ಬಿಸಿ ಇದ್ದವು. ಪೊಟ್ಟಣದಲ್ಲಿ ಇದ್ದದ್ದು ನಾಲ್ಕೇ. ನಾಲ್ಕಕ್ಕೆ ಉಡಿ ತುಂಬುವುದಿಲ್ಲ, ಐದು ಬೇಕು. ಅವಳು ಒಂದು ಕ್ಷಣ ಸುತ್ತ ನೋಡಿ, ಸೊಂಟಕ್ಕೆ ಕೈ ಹಾಕಿ, ಭಂಡಾರದ ಚೀಲವನ್ನೇ ಬಿಚ್ಚಿ ನನ್ನ ಉಡಿಗೆ ಹಾಕಿದಳು. ಬಾಯಿಂದ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನನ್ನ ಹಣೆಗೆ ಭಂಡಾರವನ್ನು ಒಂದಲ್ಲ, ಮೂರು ಸಲ ಹಚ್ಚಿದಳು. ಆ ಇಬ್ಬರಿಗಾಗಿ ಅವಳೂ ಎಲ್ಲೋ ನಲ್ಲಿ ಬಿಟ್ಟುಕೊಂಡು ಅತ್ತಿರಬೇಕು ಎಂದು ನನಗೆ ಆವಾಗ ಅನ್ನಿಸಿತು.

ನಿನ್ನ ಅಪ್ಪ ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದ. ಉಡಿ ನೋಡಿದ, ತನ್ನ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ. ಏನೂ ಕೇಳದೆ ಬಂದು ನನ್ನ ಪಕ್ಕ ಕೂತು ಕಾಲನ್ನು ನೀರಿಗೆ ಇಳಿಬಿಟ್ಟ. ಬೂಟು ಬಿಚ್ಚುವುದನ್ನು ಮರೆತಿದ್ದ. ಅಲ್ಲಿಯ ಕೆಲಸದ ಹುಡುಗಿ ಓಡಿ ಬಂದು ಏನೋ ಹೇಳುತ್ತಿದ್ದಳು, ಇವನು ಹಳದಿ ಮುಖದಲ್ಲಿ ಕಣ್ಣೀರು ಸುರಿಸಿಕೊಂಡು ಅವಳಿಗೆ ಕೈ ಮುಗಿಯುತ್ತಿದ್ದ. ನಿನ್ನ ಅಪ್ಪನ ಮೇಲೆ ನನಗೆ ಬಹಳ ಪ್ರೀತಿ ಬಂದ ದಿನಗಳಲ್ಲಿ ಅದೂ ಒಂದು.

ನಾಲ್ಕು ಮೊಟ್ಟೆಗಳನ್ನೂ ನನಗೇ ತಿನ್ನಿಸಿದರು. ಆಯಿಗೆ ಸೋಮವಾರದ ವ್ರತ, ಮೊಟ್ಟೆ ತಿನ್ನುವಂತಿರಲಿಲ್ಲ. ನಿನ್ನ ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಅವನ ಕೈಗೆ ಹೊಡೆದಿದ್ದಳು. ಏಳೇಳು ವರ್ಷದ ಆಯುಷ್ಯದಲ್ಲಿ ನಿನ್ನ ಪಾಲು ಎಷ್ಟು ಬಂತೋ ನೀನೇ ಬಲ್ಲೆ.

ಊರಿಗೆ ಬಂದ ಮೇಲೆ ಈ ವರ್ಷವೂ ಆ ಪಾಠ ಬಂತು. ಈ ವರ್ಷವೂ ಒಬ್ಬಳು ಎದ್ದು, "ಜಪಾನಿಗೆ ಹೋಗಿದ್ರಂತಲ್ರೀ, ನೋಡಿ ಬಂದ್ರೇನ್ರಿ?" ಎಂದು ಕೇಳಿದಳು. "ಇಲ್ಲ" ಎಂದೆ. ಯಾಕೆ ನಗುತ್ತಿದ್ದೇನೆ ಎಂದು ಮಕ್ಕಳಿಗೆ ತಿಳಿಯಲಿಲ್ಲ. ಮುಂದೊಂದು ದಿನ ಇದನ್ನು ಓದಿ, ನನ್ನಿಂದ ಅವ್ವ ಏನೋ ಕಳೆದುಕೊಂಡಳು ಎಂದು ನೀನು ಬೇಜಾರು ಮಾಡಿಕೊಳ್ಳಬೇಡ. ಆ ಕಣಿವೆ ಎಲ್ಲಿಗೂ ಹೋಗುವುದಿಲ್ಲ. ನೀನು ದೊಡ್ಡವನೋ ದೊಡ್ಡವಳೋ ಆದ ಮೇಲೆ ಇಬ್ಬರೂ ಹೋಗೋಣ. ಅಷ್ಟರಲ್ಲಿ ಕೈಗೆ ಕೋಲು ಬಾರದಿದ್ದರೆ ಆಯಿಯೂ ಬರುತ್ತಾಳೆ.

ಭಂಡಾರದ ಚೀಲವನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ. ಅದು ಈಗ ಅಟ್ಟದಿಂದ ಇಳಿಸಿ ಒರೆಸಿಟ್ಟ ತೊಟ್ಟಿಲಿಗೆ ಕಟ್ಟಿಕೊಂಡಿದೆ. ಅವಳ ಸೊಂಟ ಬರಿದಾಗಿದೆ. ಅಭ್ಯಾಸಬಲದಿಂದ ಆಗಾಗ ಕೈ ಅಲ್ಲಿಗೆ ಹೋಗುತ್ತದೆ, ಹೋದಾಗೆಲ್ಲ ತೊಟ್ಟಿಲ ಕಡೆ ನೋಡಿ ಕೈ ಕೆಳಗಿಳಿಸುತ್ತಾಳೆ.

ಕೂಸೇ, ನಿನ್ನನ್ನು ನೋಡುವ ಆಸೆ ನನಗೆ ಎಷ್ಟಿದೆ ಎಂದು ಬರೆಯಲು ಬಾರದು. ಆದರೂ ಬೇಗ ಬಾ ಎನ್ನುವುದಿಲ್ಲ. ನಿನಗಿಂತ ಮೊದಲಿನ ಇಬ್ಬರೂ ಅವಸರ ಮಾಡಿದರು. ನೀನು ಬೆಚ್ಚಗಿರು, ನಿನ್ನ ದಿನ ತುಂಬಲಿ, ನಿಧಾನವಾಗಿ ಬಾ. ಬೀರಪ್ಪ ನಿನ್ನನ್ನು ಕಾಯಲಿ. ಬಾಗಿಲು ತೆರೆದೇ ಇರುತ್ತದೆ, ನಾವೆಲ್ಲ ಹೊರಗೆ ಕಾಯುತ್ತಿರುತ್ತೇವೆ.

ಈ ಹೆಸರಿನಲ್ಲಿ ಮೊದಲ ಸಲ ಸಹಿ ಹಾಕುತ್ತಿರುವ,
ನಿನ್ನ ಅವ್ವ