ಸೋಲಾರ್ ಪ್ಯಾನೆಲ್ಲಿಗೆ ಹೊಲಿದ ಅಂಗಿ

ಅಪ್ಪಾ,

ನಿನ್ನೆ ನನ್ನ ಐಸ್‌ಕ್ರೀಮ್ ಎಲ್ಲ ಯಾಕೆ ಕರಗಿ ನೀರಾಯ್ತು ಅಂತ ಈಗ ಗೊತ್ತಾಯ್ತು. ಬ್ಯಾಟರೀನ ಬೈದೆ, ಫ್ರಿಜ್ ಮಾರಿದವನನ್ನ ಬೈದೆ, ಮೋಡಾನೂ ಬಿಡಲಿಲ್ಲ. ಬೆಳಿಗ್ಗೆ ಮಹಡಿ ಹತ್ತಿ ನೋಡಿದರೆ ಸೋಲಾರ್ ಪ್ಯಾನೆಲ್ ಅಂಗಿ ತೊಟ್ಟು ಮಲಗಿದೆ. ಅಂಚಿಗೆ ನೆರಿಗೆ, ನಾಲ್ಕು ಮೂಲೆಗೂ ಲಾಡಿ.

ಅಮ್ಮನ್ನ ಕೇಳಿದೆ. “ಬಿಸಿಲಿಗೆ ಬಣ್ಣ ಹೋಗುತ್ತೆ ಪಾಪ ಅಂತ ಹೊಲಿದ್ರು ಕಣೇ,” ಅಂದಳು.

ಅಪ್ಪಾ, ಬಿಸಿಲೇ ಅದರ ಊಟ. ಟೈಲರ್ ಅಂಗಡಿ ಮುಚ್ಚಿದ ಮೇಲೆ ಟಿವಿಗೆ ಕವರ್ ಹೊಲಿದ್ರಿ, ರಿಮೋಟಿಗೆ ಹೊಲಿದ್ರಿ, ನೀರಿನ ಫಿಲ್ಟರಿಗೆ ಜೇಬು ಬೇರೆ ಇಟ್ರಿ. ನಾನು ತುಟಿಪಿಟಕ್ ಅನ್ನಲಿಲ್ಲ.

ಈಗ ಕೋನ್ ತರೋಕೆ ಹೋಗ್ತಿದ್ದೀನಿ. ಸಂಜೆ ಶಾಲೆ ಮೈದಾನಕ್ಕೆ ಅರವತ್ತು ಐಸ್‌ಕ್ರೀಮ್ ಕೊಡಬೇಕು, ಇವತ್ತೂ ಕರಗಿದ್ರೆ ಇನ್ನು ನನ್ನನ್ನ ಕರೆಯಲ್ಲ.

ಪ್ಯಾನೆಲ್ ಬರೀ ಮೈಯಲ್ಲೇ ಇರಲಿ.
ಬ್ಯಾಟರಿ ದೀಪ ಕೆಂಪಾದ್ರೆ ತಕ್ಷಣ ಫೋನ್ ಮಾಡಿ.
ತಣ್ಣಗಿದೆಯಾ ಅಂತ ಐದೈದು ನಿಮಿಷಕ್ಕೆ ಫ್ರಿಜ್ ಮುಚ್ಚಳ ತೆಗೆದು ಕೈ ಹಾಕಬೇಡಿ. ತಣ್ಣಗೇ ಇದೆ.

ಕೈ ಸುಮ್ಮನಿರದಿದ್ರೆ ಫ್ರಿಜ್ಜಿಗೇ ಒಂದು ಹೊಲೀರಿ. ತಮಾಷೆಗಲ್ಲ, ಹಳೇ ಕಂಬಳೀಲಿ ದಪ್ಪಗೆ ಹೊಲಿದ್ರೆ ತಂಪು ಉಳಿಯುತ್ತೆ. ಬಿಸಿಗಾಳಿ ಬರೋ ಜಾಲರಿ ಮಾತ್ರ ಮುಚ್ಚಬೇಡಿ.

ಪ್ಯಾನೆಲ್ಲಿನ ಅಂಗಿ ಹುಡುಕಬೇಡಿ. ಏಪ್ರನ್ ಅಂತ ನಾನೇ ಕಟ್ಟಿಕೊಂಡು ಹೊರಟಿದ್ದೀನಿ. ಹುಟ್ಟಿದಾಗಿನಿಂದ ನೀವು ಹೊಲಿದದ್ದರಲ್ಲಿ ನನ್ನ ಮೈಗೆ ಸರಿಯಾಗಿ ಕೂತಿರೋದು ಇದೊಂದೇ.